ಅಪ್ಪ ಅಮ್ಮನಿಗೂ ಒಂದು ಟಿಕೆಟ್

1907ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಕಡಲಂಚಿನ ಕೋನಿ ಐಲ್ಯಾಂಡಿನಲ್ಲಿ ‘ಸ್ಟೀಪಲ್‌ಚೇಸ್’ ಎಂಬ ಮನೋರಂಜನಾ ಉದ್ಯಾನಕ್ಕೆ ಬೆಂಕಿ ಬಿತ್ತು. ಆಟದ ಮನೆಗಳು ಸುಟ್ಟು ಬೂದಿಯಾದವು. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರೇನೋ. ಮಾಲೀಕ ಜಾರ್ಜ್ ಟಿಲ್ಯೂ ಮಾತ್ರ ಗೇಟಿನ ಬಳಿ ಒಂದು ಫಲಕ ತೂಗುಹಾಕಿದ: ಸುಟ್ಟ ಉದ್ಯಾನವನ್ನು ನೋಡಲು ಪ್ರವೇಶ ದರ 10 ಸೆಂಟ್!

ಕುತೂಹಲವನ್ನು ಕಾಸಾಗಿಸುವ ಕಲೆಯಲ್ಲಿ ಟಿಲ್ಯೂವನ್ನು ಮೀರಿಸಿದವರು ಕಡಿಮೆ. ಆದರೂ ಆತನ ಉದ್ಯಾನವಾಗಲಿ, ಅದರ ಎದುರಾಳಿಗಳಾದ ಇನ್ನೆರಡು ಉದ್ಯಾನಗಳಾಗಲಿ ಇಂದು ಇಲ್ಲ. ಅದೇ ಅಮೆರಿಕದ ಇನ್ನೊಂದು ತುದಿಯಲ್ಲಿ, ಅರ್ಧ ಶತಮಾನ ತಡವಾಗಿ ಹುಟ್ಟಿದ ಡಿಸ್ನಿಲ್ಯಾಂಡ್ 2025ರಲ್ಲಿ 70 ವರ್ಷ ತುಂಬಿಸಿತು. ಅದಕ್ಕೆ ಹತ್ತಿರದಲ್ಲೇ ಹಣ್ಣಿನ ಅಂಗಡಿಯಾಗಿ ಶುರುವಾದ ‘ನಾಟ್ಸ್ ಬೆರಿ ಫಾರ್ಮ್’ ನೂರು ವರ್ಷ ದಾಟಿದೆ. ಮಕ್ಕಳಾಗಿ ಅಲ್ಲಿಗೆ ಹೋಗಿದ್ದವರು ಈಗ ಮೊಮ್ಮಕ್ಕಳ ಕೈಹಿಡಿದು ಹೋಗುತ್ತಾರೆ. ಒಂದು ಕಡೆ ಬೂದಿ, ಇನ್ನೊಂದು ಕಡೆ ತಲೆಮಾರುಗಳ ನಂಟು. ಯಂತ್ರಗಳ ಅಬ್ಬರದಲ್ಲಿ, ದೀಪಗಳ ಝಗಮಗದಲ್ಲಿ ಕೋನಿ ಐಲ್ಯಾಂಡ್ ಯಾರಿಗೂ ಕಡಿಮೆಯಿರಲಿಲ್ಲ. ಹಾಗಾದರೆ ವ್ಯತ್ಯಾಸ ಬಂದದ್ದೆಲ್ಲಿ?

ಕೋನಿ ಐಲ್ಯಾಂಡಿನ ಕಥೆಯನ್ನು ಮೊದಲು ನೋಡಬೇಕು. 1895ರಲ್ಲಿ ಪಾಲ್ ಬಾಯ್ಟನ್ ಎಂಬ ಸಾಹಸಿ ಅಲ್ಲಿ ಬೇಲಿ ಹಾಕಿ, ಬಾಗಿಲಲ್ಲೇ ಹಣ ಪಡೆದು ಒಳಬಿಡುವ ‘ಸೀ ಲಯನ್ ಪಾರ್ಕ್’ ತೆರೆದ. ಅದುವರೆಗೆ ಆ ಕಡಲತೀರದ ಆಟಗಳೆಲ್ಲ ನಮ್ಮ ಜಾತ್ರೆಯ ತೊಟ್ಟಿಲು, ಬೊಂಬೆಯಾಟಗಳಂತೆ ಅಲ್ಲೊಂದು ಇಲ್ಲೊಂದು ಹರಡಿಕೊಂಡಿದ್ದವು. ಎರಡೇ ವರ್ಷಕ್ಕೆ, 1897ರಲ್ಲಿ, ಟಿಲ್ಯೂ ತನ್ನ ಸ್ಟೀಪಲ್‌ಚೇಸ್ ತೆರೆದ. ಹಳಿಗಳ ಮೇಲೆ ಓಡುವ ಮರದ ಕುದುರೆಗಳು ಅದರ ಮುಖ್ಯ ಆಕರ್ಷಣೆ. ಕುದುರೆಗೆ ಒಬ್ಬರ ಹಿಂದೊಬ್ಬರು ಅಂಟಿ ಕೂರಬೇಕು. ಇಳಿದು ಹೊರಬರುವ ದಾರಿಯಲ್ಲಿ ಕೋಡಂಗಿ ಕಾದಿರುತ್ತಿದ್ದ. ನೆಲದ ಕಿಂಡಿಯಿಂದ ಗಾಳಿ ನುಗ್ಗಿ ಹೆಂಗಸರ ಲಂಗ ಹಾರುತ್ತಿತ್ತು. ಸುತ್ತ ಕುಳಿತ ಜನ ನಗುತ್ತಿದ್ದರು. ಈ ಆಟದ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಇದು ಹರೆಯದ ಹುಡುಗ ಹುಡುಗಿಯರ ಜಾಗ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ವಾರವಿಡೀ ದುಡಿದವರು ಭಾನುವಾರ ಒಂದಿಷ್ಟು ಮೈಮರೆಯಲು ಬರುತ್ತಿದ್ದ ಜಾಗ.

1903ರಲ್ಲಿ ಅದಕ್ಕೆ ಎದುರಾಳಿಯಾಗಿ ‘ಲೂನಾ ಪಾರ್ಕ್’ ಬಂತು. ಫ್ರೆಡರಿಕ್ ಥಾಂಪ್ಸನ್ ಮತ್ತು ಎಲ್ಮರ್ ಡಂಡಿ ಇದರ ಜೋಡಿ ಮಾಲೀಕರು. ಚಂದ್ರಲೋಕಕ್ಕೆ ಪ್ರಯಾಣ ಮಾಡಿಸುವ ಆಟ ಇವರ ಬಂಡವಾಳ. ಅದರ ಜೊತೆಗೆ ಎರಡೂವರೆ ಲಕ್ಷ ವಿದ್ಯುದ್ದೀಪ. ಮನೆಗಳಲ್ಲಿ ಇನ್ನೂ ಗ್ಯಾಸ್ ದೀಪ ಉರಿಯುತ್ತಿದ್ದ ಕಾಲ ಅದು. ಮರುವರ್ಷವೇ ರಾಜಕಾರಣಿ ವಿಲಿಯಂ ರೆನಾಲ್ಡ್ಸ್ ‘ಡ್ರೀಮ್‌ಲ್ಯಾಂಡ್’ ಕಟ್ಟಿಸಿದ. ಲೂನಾದಲ್ಲಿ ಎರಡೂವರೆ ಲಕ್ಷ ದೀಪವಿದ್ದರೆ ಇಲ್ಲಿ ಹತ್ತು ಲಕ್ಷ! ಲೂನಾದಲ್ಲಿ ಬಣ್ಣವಿದ್ದರೆ ಇಲ್ಲಿ ಎಲ್ಲವೂ ಬಿಳುಪು. ಅಲ್ಲಿ ಮೋಜಿದ್ದರೆ ಇಲ್ಲಿ ಬೈಬಲಿನ ಸೃಷ್ಟಿ, ಪ್ರಳಯ, ನರಕಗಳ ಪ್ರದರ್ಶನ. ವಿಪರ್ಯಾಸವೆಂದರೆ 1911ರ ಮೇ ತಿಂಗಳಲ್ಲಿ ಡ್ರೀಮ್‌ಲ್ಯಾಂಡಿಗೆ ಬೆಂಕಿ ಹತ್ತಿದ್ದು ‘ನರಕದ ಬಾಗಿಲು’ ಎಂಬ ಆಟದಲ್ಲಿಯೇ. ಅದನ್ನು ಮತ್ತೆ ಕಟ್ಟಲಿಲ್ಲ.

ಈ ಪೈಪೋಟಿಯ ನಡುವೆ ಒಂದು ವಿಚಿತ್ರ ಪ್ರದರ್ಶನವೂ ಇತ್ತು. ಮಾರ್ಟಿನ್ ಕೌನಿ ಎಂಬಾತ ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸುತ್ತಿದ್ದ. ನೋಡುಗರಿಂದ ಹಣ ಪಡೆದು ದಾದಿಯರ ಸಂಬಳ, ಕೂಸುಗಳ ಆರೈಕೆಯ ಖರ್ಚು ಭರಿಸುತ್ತಿದ್ದ. ಹೆತ್ತವರಿಂದ ಕಾಸೂ ಪಡೆಯುತ್ತಿರಲಿಲ್ಲ. ಎಷ್ಟೋ ಆಸ್ಪತ್ರೆಗಳು ಇಂಥ ಕೂಸುಗಳ ಆಸೆ ಬಿಟ್ಟಿದ್ದ ಕಾಲದಲ್ಲಿ ಈತನ ಕೈಯಲ್ಲಿ ಸಾವಿರಾರು ಜೀವಗಳು ಉಳಿದವು. ಡ್ರೀಮ್‌ಲ್ಯಾಂಡ್ ಉರಿದ ರಾತ್ರಿಯೂ ಅಲ್ಲಿದ್ದ ಕೂಸುಗಳನ್ನು ಪಾರುಮಾಡಲಾಯಿತು. 1943ರವರೆಗೂ ಕೋನಿ ಐಲ್ಯಾಂಡಿನಲ್ಲಿ ಈ ‘ಆಟ’ ನಡೆಯಿತು. ಸಂಸಾರದ ಕಣ್ಣೀರಿಗೆ ನಿಜವಾಗಿ ಒದಗಿದ್ದು ಅಲ್ಲಿ ಇದೊಂದೇ ಎನ್ನಬಹುದೇನೋ!

1920ರಲ್ಲಿ ಸಬ್‌ವೇ ರೈಲು ಬಂತು. 5 ಸೆಂಟ್ ಕೊಟ್ಟರೆ ನಗರದ ಯಾವ ಮೂಲೆಯಿಂದಲಾದರೂ ಕಡಲಿಗೆ ಬರಬಹುದಾಯಿತು. ಜನ ಲಕ್ಷಗಟ್ಟಲೆ ಬಂದರು, ಆದರೆ ಅವರ ಕೈಯಲ್ಲಿ ಕಾಸಿರಲಿಲ್ಲ. ಮುಂದೆ ಆರ್ಥಿಕ ಕುಸಿತ, ಯುದ್ಧ, ಕಾರುಗಳ ಹಾವಳಿ. 1944ರಲ್ಲಿ ಲೂನಾ ಪಾರ್ಕೂ ಬೆಂಕಿಗೆ ತುತ್ತಾಯಿತು. ಬೂದಿಯಿಂದ ಎದ್ದು ನಿಂತಿದ್ದ ಸ್ಟೀಪಲ್‌ಚೇಸ್ 1964ರಲ್ಲಿ ಬಾಗಿಲು ಹಾಕಿತು. ಅದರ ಜಾಗವನ್ನು ಕೊಂಡು ಕಟ್ಟಡ ಕೆಡವಿಸಿದವನು ಫ್ರೆಡ್ ಟ್ರಂಪ್, ಮುಂದೆ ಅಮೆರಿಕದ ಅಧ್ಯಕ್ಷನಾದ ಡೊನಾಲ್ಡ್ ಟ್ರಂಪ್‌ನ ತಂದೆ. ಕಡಲತೀರದ ಆಟಗಳು ಪೂರ್ತಿ ಸತ್ತವೆಂದಲ್ಲ. 1920ರ ‘ವಂಡರ್ ವೀಲ್’ ಮತ್ತು 1927ರ ‘ಸೈಕ್ಲೋನ್’ ರೋಲರ್ ಕೋಸ್ಟರ್ ಇಂದಿಗೂ ಓಡುತ್ತಿವೆ. ಆದರೆ ಒಂದರ ಮೇಲೊಂದು ದೀಪ ಹೆಚ್ಚಿಸಿಕೊಂಡು ಹೋದ ಆ ಮೂರು ಉದ್ಯಾನಗಳು ಹೆಸರಿಗಷ್ಟೇ ಉಳಿದವು.

ಬೆಂಚು ಮತ್ತು ಕಡಲೆಕಾಯಿ

ವಾಲ್ಟ್ ಡಿಸ್ನಿಗೆ ಇಬ್ಬರು ಹೆಣ್ಣುಮಕ್ಕಳು, ಡಯಾನ್ ಮತ್ತು ಶರಾನ್. ರಜೆಯ ದಿನ ಅವರನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿದ್ದ ಮರದ ಕುದುರೆಗಳ ತಿರುಗಣೆಗೆ ಕರೆದೊಯ್ಯುತ್ತಿದ್ದ. ಮಕ್ಕಳು ಸುತ್ತುತ್ತಿದ್ದರೆ ಅಪ್ಪ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾಯುವುದು. ಮಕ್ಕಳನ್ನು ತೊಟ್ಟಿಲಿಗೆ ಹತ್ತಿಸಿ ಕೆಳಗೆ ಚೀಲ, ಚಪ್ಪಲಿ ಹಿಡಿದು ನಿಂತ ಯಾವ ತಂದೆಗೂ ಈ ಪಾಡು ಹೊಸದಲ್ಲ. ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಕೂತು ಆಡುವ ಜಾಗ ಏಕಿರಬಾರದು ಎಂಬ ಯೋಚನೆ ತನಗೆ ಬಂದದ್ದು ಅಲ್ಲೇ ಎಂದು ಡಿಸ್ನಿ ಮುಂದೆ ಹೇಳಿಕೊಂಡಿದ್ದಾನೆ.

ಯೋಚನೆಯೇನೋ ಸರಳ. ಆದರೆ ಆಟದ ವ್ಯಾಪಾರದ ಲೆಕ್ಕವನ್ನೇ ಅದು ತಲೆಕೆಳಗು ಮಾಡಿತು. ಅದುವರೆಗೆ ಮಾಲೀಕರು ಒಂದೊಂದು ಆಟವನ್ನೂ ಬೇರೆ ಬೇರೆಯಾಗಿ ಮಾರುತ್ತಿದ್ದರು. ಹತ್ತಿದವನು ಗಿರಾಕಿ, ಕೆಳಗೆ ನಿಂತವನು ದಾರಿಹೋಕ. ಡಿಸ್ನಿ ಕೆಳಗೆ ನಿಂತವನನ್ನೂ ಗಿರಾಕಿಯೆಂದು ಎಣಿಸಿದ. 1953ರಲ್ಲಿ ಶಿಕಾಗೋದಲ್ಲಿ ಆತನ ಕಡೆಯವರು ಪಳಗಿದ ಉದ್ಯಾನ ಮಾಲೀಕರ ಮುಂದೆ ನಕ್ಷೆ ಹರಡಿದಾಗ ಅವರೆಲ್ಲ ತಲೆಯಲ್ಲಾಡಿಸಿದರು. ಕಾಸು ಹುಟ್ಟಿಸದ ಕೋಟೆ, ಹೂದೋಟ, ಬೀದಿಗಳಿಗೆ ಹಣ ಸುರಿಯುವುದು ಹುಚ್ಚು. ಒಂದೇ ಬಾಗಿಲಿಟ್ಟರೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬುದು ಅವರ ತೀರ್ಪು.

ಇಂಥ ಜಾಗಕ್ಕೆ ಮಾದರಿ ಇರಲೇ ಇಲ್ಲವೆಂದಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 1843ರಿಂದ ‘ಟಿವೋಲಿ’ ಉದ್ಯಾನವಿದೆ. ಹೂವು, ವಾದ್ಯಸಂಗೀತ, ನಾಟಕ, ಊಟದ ಮನೆ, ಆಟ ಎಲ್ಲ ಒಂದೇ ಆವರಣದಲ್ಲಿ. ಅಜ್ಜಿ ವಾದ್ಯ ಕೇಳುತ್ತ ಕೂರಬಹುದು, ಮೊಮ್ಮಗ ಸುತ್ತಬಹುದು. ಡಿಸ್ನಿ 1951ರಲ್ಲಿ ಅದನ್ನು ನೋಡಿ ಬಂದಿದ್ದ. ಅಲ್ಲಿನ ಶುಚಿತ್ವ ಆತನ ಕಣ್ಣಿಗೆ ಬಿದ್ದಿತ್ತು. ತನ್ನ ಉದ್ಯಾನದಲ್ಲಿ ಕೂಗಿ ಕರೆಯುವವರು ಬೇಡ, ಕಸ ಬಿದ್ದಲ್ಲೇ ಇರಕೂಡದು, ಮದ್ಯ ಬೇಡವೇ ಬೇಡ ಎಂದು ಹಟ ಹಿಡಿದ. ಡಿಸ್ನಿಲ್ಯಾಂಡಿನಲ್ಲಿ ಸಾರ್ವಜನಿಕರಿಗೆ ಮದ್ಯ ಮಾರಾಟ ಶುರುವಾದದ್ದು 2019ರಲ್ಲಿ, ಆತ ಸತ್ತು 50 ವರ್ಷಗಳ ಮೇಲೆ.

ಹಣಕ್ಕೆ ಟೆಲಿವಿಷನ್ ಒದಗಿತು. ಎ.ಬಿ.ಸಿ. ಸಂಸ್ಥೆ 5 ಲಕ್ಷ ಡಾಲರ್ ಹೂಡಿ, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಅದಕ್ಕೆ ಪ್ರತಿಯಾಗಿ ಡಿಸ್ನಿ ವಾರಕ್ಕೊಂದು ಕಾರ್ಯಕ್ರಮ ಮಾಡಿಕೊಡಬೇಕು. ಹೀಗೆ ಉದ್ಯಾನ ಕಟ್ಟುವ ಮೊದಲೇ ಅದು ಲಕ್ಷಾಂತರ ಮನೆಗಳ ಬೈಠಕ್ ಖಾನೆಗೆ ಹೋಗಿ ಕೂತಿತ್ತು. ಅನಹೈಮ್ ಎಂಬ ಊರಿನ ಕಿತ್ತಳೆ ತೋಟಗಳನ್ನು ಸವರಿ, 1 ಕೋಟಿ 70 ಲಕ್ಷ ಡಾಲರ್ ಸುರಿದು ಕಟ್ಟಿದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆಯಿತು. ನೇರ ಪ್ರಸಾರದ ನಿರೂಪಕರಲ್ಲಿ ಒಬ್ಬ ರೊನಾಲ್ಡ್ ರೇಗನ್, ಆಗಿನ್ನೂ ಸಿನಿಮಾ ನಟ. ಆ ದಿನ ಮಾತ್ರ ಫಜೀತಿಯೋ ಫಜೀತಿ. ನಕಲಿ ಟಿಕೆಟ್ ಹಿಡಿದು ಬಂದವರು ಸಾವಿರಾರು. ಬಿಸಿಲಿಗೆ ಹೊಸ ಡಾಂಬರು ಕರಗಿ ಹೆಂಗಸರ ಹಿಮ್ಮಡಿಯ ಚಪ್ಪಲಿ ಹೂತವು. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕುಡಿಯುವ ನೀರಿಗೂ ತತ್ವಾರ. ಪತ್ರಿಕೆಗಳು ಹೀಗಳೆದವು. ಆದರೂ ಎರಡು ತಿಂಗಳು ಕಳೆಯುವಷ್ಟರಲ್ಲಿ 10 ಲಕ್ಷ ಜನ ಬಂದುಹೋಗಿದ್ದರು.

ಕೋಳಿ ಊಟಕ್ಕೆ ಕಾದವರು

ಡಿಸ್ನಿಲ್ಯಾಂಡಿನಿಂದ ಸುಮಾರು 11 ಕಿ.ಮೀ. ದೂರದ ಬ್ಯೂನಾ ಪಾರ್ಕಿನಲ್ಲಿ ಅದಾಗಲೇ ಒಬ್ಬ ಎದುರಾಳಿ ಬೇರುಬಿಟ್ಟಿದ್ದ. ಎದುರಾಳಿಗಿಂತ ನೆರೆಯವನೆಂದರೆ ಹೆಚ್ಚು ಸರಿ. ವಾಲ್ಟರ್ ನಾಟ್ ಒಬ್ಬ ರೈತ. 1920ರಲ್ಲಿ ಜಮೀನು ಗುತ್ತಿಗೆ ಹಿಡಿದು ಬೆರಿ ಹಣ್ಣು ಬೆಳೆದು ರಸ್ತೆ ಬದಿಯಲ್ಲಿ ಮಾರುತ್ತಿದ್ದ. ರುಡಾಲ್ಫ್ ಬಾಯ್ಸನ್ ಎಂಬಾತ ತಳಿಬೆರಕೆ ಮಾಡಿ ಕೈಬಿಟ್ಟಿದ್ದ ಒಣಗುವ ಬಳ್ಳಿಗಳನ್ನು ತಂದು, ಬದುಕಿಸಿ, ‘ಬಾಯ್ಸನ್‌ಬೆರಿ’ ಎಂಬ ಹೆಸರಿಟ್ಟು ಮಾರುಕಟ್ಟೆಗೆ ತಂದವನು ಈತನೇ.

ಆದರೆ ಉದ್ಯಾನ ಹುಟ್ಟಿದ್ದು ಹಣ್ಣಿನಿಂದಲ್ಲ, ಅಡುಗೆಮನೆಯಿಂದ. ಆರ್ಥಿಕ ಕುಸಿತದ ಕಾಲದಲ್ಲಿ ಮನೆಯ ಆದಾಯಕ್ಕೆ ಒತ್ತಾಸೆಯಾಗಲೆಂದು 1934ರ ಜೂನ್ ತಿಂಗಳ ಒಂದು ಸಂಜೆ ವಾಲ್ಟರನ ಹೆಂಡತಿ ಕಾರ್ಡೀಲಿಯಾ, ತನ್ನ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿ ಎಂಟು ಮಂದಿಗೆ ಕರಿದ ಕೋಳಿಯ ಊಟ ಬಡಿಸಿದಳು. ಊಟಕ್ಕೆ 65 ಸೆಂಟ್. ಆ ಎಂಟು ಕೆಲವೇ ವರ್ಷಗಳಲ್ಲಿ ಸಾವಿರಗಳಾದವು. ಭಾನುವಾರ ಊಟಕ್ಕೆ ಗಂಟೆಗಟ್ಟಲೆ ಕಾಯಬೇಕಾಯಿತು. ಹಸಿದ ಮಕ್ಕಳನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಂತ ತಾಯಂದಿರ ಪರದಾಟ ನೋಡಿದ ವಾಲ್ಟರ್ ನಾಟ್, ಕಾಯುವವರ ಹೊತ್ತು ಕಳೆಯಲೆಂದು 1940ರಿಂದ ಅಂಗಳದಲ್ಲಿ ಒಂದು ಹಳೆಯ ಊರನ್ನೇ ಕಟ್ಟತೊಡಗಿದ. ಚಿನ್ನದ ಗಣಿಗಳ ಕಾಲದ ಪಾಳುಬಿದ್ದ ಊರುಗಳಿಂದ ಮರದ ಕಟ್ಟಡ ತಂದು ನಿಲ್ಲಿಸಿದ. ಇಲ್ಲದ್ದನ್ನು ಹೊಸದಾಗಿ ಕಟ್ಟಿಸಿದ. ಅವನ ಅಜ್ಜಿ 1868ರಲ್ಲಿ ಕಮಾನುಗಾಡಿಯಲ್ಲಿ ಮರುಭೂಮಿ ದಾಟಿ ಕ್ಯಾಲಿಫೋರ್ನಿಯಾಕ್ಕೆ ಬಂದವಳು. ಅಜ್ಜಿ ಹೇಳಿದ್ದ ಕಥೆಗೆ ಮೊಮ್ಮಗ ಕಟ್ಟಿದ ಊರು ಅದು. ನೋಡಲು ಕಾಸಿಲ್ಲ, ಬೇಲಿಯಿಲ್ಲ.

ಥೀಮ್ ಪಾರ್ಕ್ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಕಥೆ ಅಥವಾ ಕಾಲವನ್ನು ಆರಿಸಿಕೊಂಡು, ಕಟ್ಟಡ, ಉಡುಪು, ಊಟ, ಆಟ ಎಲ್ಲವನ್ನೂ ಅದಕ್ಕೆ ಹೊಂದಿಸುವುದು. ಒಳಗೆ ಬಂದವನು ಆಟವಾಡದಿದ್ದರೂ ಆ ಕಥೆಯೊಳಗೆ ಓಡಾಡುತ್ತಾನೆ. ಡಿಸ್ನಿ ಸಿನಿಮಾದವನಾದ್ದರಿಂದ ಇದನ್ನು ಲೆಕ್ಕ ಹಾಕಿ ಮಾಡಿದ. ನಾಟ್ ಊಟಕ್ಕೆ ಕಾದವರ ಮೇಲಿನ ಮರುಕದಿಂದ ಅಲ್ಲಿಗೇ ಬಂದು ತಲುಪಿದ. ಡಿಸ್ನಿಯೂ ತನ್ನ ಉದ್ಯಾನ ಕಟ್ಟುವ ಮೊದಲು ಈತನ ಊರನ್ನು ಬಂದು ನೋಡಿ ಹೋಗಿದ್ದ.

ಡಿಸ್ನಿಲ್ಯಾಂಡ್ ತೆರೆದರೆ ನಾಟ್ ಮುಳುಗಿದಂತೆಯೇ ಎಂದುಕೊಂಡವರಿದ್ದರು. ಉದ್ಘಾಟನೆಗೆ ಹೋಗಿದ್ದ ನಾಟ್ ದಂಪತಿ ಮನೆಗೆ ಮರಳಿದಾಗ ತಮ್ಮ ಕಾರು ನಿಲ್ದಾಣ ಎಂದಿನಂತೆ ತುಂಬಿತ್ತೆಂಬ ಕಥೆ ಪ್ರಚಲಿತವಿದೆ. ದೂರದಿಂದ ಬಂದ ಸಂಸಾರ ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ಎನ್ನತೊಡಗಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಲಿತರು. 1959ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಉಕ್ಕಿನ ಕೊಳವೆ ಹಳಿಯ ಮೊದಲ ರೋಲರ್ ಕೋಸ್ಟರ್ ‘ಮ್ಯಾಟರ್‌ಹಾರ್ನ್’ ಬಂತು. ಮರುವರ್ಷ ನಾಟ್ಸ್‌ನಲ್ಲಿ ಗಣಿಯೊಳಗಿನ ರೈಲು, 1969ರಲ್ಲಿ ಮರದ ದಿಮ್ಮಿಯ ಮೇಲೆ ಕೂತು ನೀರಿಗೆ ಜಾರುವ ಆಟ. 1975ರಲ್ಲಿ ನಾಟ್ಸ್ ಒಂದು ಹೆಜ್ಜೆ ಮುಂದೆ ಹೋಗಿ ಜನರನ್ನು ತಲೆಕೆಳಗಾಗಿಸುವ ‘ಕಾರ್ಕ್‌ಸ್ಕ್ರೂ’ ತಂದಿತು. 1973ರಿಂದ ಅಕ್ಟೋಬರ್ ತಿಂಗಳ ರಾತ್ರಿಗಳಲ್ಲಿ ಆ ಹಳೆಯ ಊರಿಗೇ ದೆವ್ವ ಭೂತಗಳನ್ನು ಬಿಟ್ಟು ಹರೆಯದವರನ್ನು ಸೆಳೆಯಿತು. ಚಿಕ್ಕ ಮಕ್ಕಳು ಕೈತಪ್ಪಬಾರದೆಂದು 1983ರಲ್ಲಿ ಸ್ನೂಪಿ ನಾಯಿಯ ಹೆಸರಿನಲ್ಲಿ ಪ್ರತ್ಯೇಕ ಅಂಗಳ ತೆರೆಯಿತು. ಮಗು ಡಿಸ್ನಿಯ ಕಡೆ, ಹದಿಹರೆಯ ನಾಟ್ಸ್ ಕಡೆ ಎಂಬ ಹಂಚಿಕೆ ಆಗಿಹೋಗಬಾರದು ಎಂಬ ಎಚ್ಚರ ಅದು.

ಹಾಗೆ ನೋಡಿದರೆ ಇಂಥ ಜಾಗಗಳಲ್ಲಿ ಬಹುಕಾಲ ಬಾಳುವ ಆಟ ಎದೆ ಝಲ್ಲೆನಿಸುವ ಆಟವೇ ಆಗಬೇಕಿಲ್ಲ. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಮಾಡಿದ್ದ, ಬೊಂಬೆಗಳು ಹಾಡುತ್ತ ಕುಣಿಯುವ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ದೋಣಿಯಾಟ 1966ರಲ್ಲಿ ಡಿಸ್ನಿಲ್ಯಾಂಡಿಗೆ ಬಂತು. ಬುದ್ಧಿವಂತರು ಅದನ್ನು ಕಂಡು ಮೂಗು ಮುರಿದರು. ಆ ಒಂದೇ ಹಾಡು ಕೇಳಿ ಕೇಳಿ ತಲೆಚಿಟ್ಟು ಹಿಡಿಯುತ್ತದೆಂದು ಗೊಣಗುವವರು ಈಗಲೂ ಇದ್ದಾರೆ. ಆದರೆ ಮೊಣಕಾಲು ನೋವಿನ ಅಜ್ಜಿಯೂ ತೊಡೆಯ ಮೇಲಿನ ಕೂಸೂ ಒಂದೇ ಹಲಗೆಯ ಮೇಲೆ ಕೂರಬಹುದಾದ ಆಟಗಳು ಎಷ್ಟಿವೆ? ದೋಣಿಗಳು ನಿಲ್ಲದೆ ಸಾಗುವುದರಿಂದ ಸಾಲೂ ಬೇಗ ಕರಗುತ್ತದೆ. ರೋಲರ್ ಕೋಸ್ಟರಿನ ಬಾಗಿಲಲ್ಲಿ ಎತ್ತರ ಅಳೆಯುವ ಕೋಲಿರುತ್ತದೆ. ಆ ಕೋಲು ಅಣ್ಣನನ್ನು ಒಳಗೆ ಬಿಟ್ಟು ತಂಗಿಯನ್ನು ಹೊರಗೆ ನಿಲ್ಲಿಸುತ್ತದೆ. ದೋಣಿಯ ಬಳಿ ಕೋಲಿಲ್ಲ.

ಯಾರ ಸಂಸಾರ?

‘ಸಕುಟುಂಬ ಸಮೇತ’ ಎಂದು ಜಾಹೀರಾತು ಕರೆಯುತ್ತಿದ್ದ ಕಾಲದಲ್ಲಿ ಎಲ್ಲ ಕುಟುಂಬಗಳಿಗೂ ಬಾಗಿಲು ತೆರೆದಿರಲಿಲ್ಲ ಎಂಬುದನ್ನು ಈ ಚರಿತ್ರೆಯಲ್ಲಿ ಮರೆಯುವಂತಿಲ್ಲ. ವಾಷಿಂಗ್ಟನ್ ಬಳಿಯ ‘ಗ್ಲೆನ್ ಎಕೋ’ ಉದ್ಯಾನಕ್ಕೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. 1960ರ ಜೂನ್ 30ರಂದು ಕೆಲವು ವಿದ್ಯಾರ್ಥಿಗಳು ಟಿಕೆಟ್ ಹಿಡಿದು ಅಲ್ಲಿನ ಮರದ ಕುದುರೆಗಳ ಮೇಲೆ ಕುಳಿತರು. ಇಳಿಯಲು ಒಪ್ಪದ ಐವರನ್ನು ಬಂಧಿಸಲಾಯಿತು. ಬೇಸಿಗೆಯುದ್ದಕ್ಕೂ ಗೇಟಿನ ಮುಂದೆ ಧರಣಿ ನಡೆಯಿತು. ನೆರೆಯ ಬಡಾವಣೆಯ ಬಿಳಿಯರೂ ಬಂದು ಸೇರಿಕೊಂಡರು. 1961ರಲ್ಲಿ ಉದ್ಯಾನ ಎಲ್ಲರಿಗೂ ತೆರೆಯಿತು. ಬಂಧಿತರ ಮೇಲಿನ ಶಿಕ್ಷೆಯನ್ನು 1964ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಉದ್ಯಾನ 1968ರಲ್ಲಿ ಮುಚ್ಚಿದರೂ ಆ ಮರದ ಕುದುರೆಗಳನ್ನು ಉಳಿಸಿಕೊಂಡಿದ್ದಾರೆ.

1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪ್ರಸಿದ್ಧ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ‘ಫನ್‌ಟೌನ್’ ಎಂಬ ಉದ್ಯಾನದ ಪ್ರಸ್ತಾಪ ಮಾಡಿದ್ದಾರೆ. ಟೆಲಿವಿಷನ್ನಿನಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳು ಅಲ್ಲಿಗೆ ಏಕೆ ಹೋಗಬಾರದೆಂದು ಕೇಳುತ್ತಾಳೆ. ಬಣ್ಣದ ಕಾರಣಕ್ಕೆ ನಮಗೆ ಬಾಗಿಲಿಲ್ಲ ಎಂದು ಅವಳಿಗೆ ವಿವರಿಸುವಾಗ ನಾಲಿಗೆ ತೊದಲುತ್ತದೆ. ಇನ್ನು ಕಾಯಿರಿ ಎಂದು ತಮಗೆ ಬುದ್ಧಿ ಹೇಳುವವರಿಗೆ ಅವರು ಕೊಟ್ಟ ಉತ್ತರಗಳಲ್ಲಿ ಇದೂ ಒಂದು. ಮತದಾನ, ನೌಕರಿ, ಬಸ್ಸಿನ ಸೀಟುಗಳ ಹೋರಾಟದ ನಡುವೆ ಮಕ್ಕಳ ಆಟದ ತೋಟಕ್ಕೂ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ.

ಕಾನೂನು ಬಣ್ಣದ ಬೇಲಿ ತೆಗೆಸಿತು. ಕಾಸಿನ ಬೇಲಿ ಮಾತ್ರ ಬೆಳೆಯುತ್ತ ಹೋಯಿತು. 1955ರಲ್ಲಿ ಡಿಸ್ನಿಲ್ಯಾಂಡ್ ಪ್ರವೇಶಕ್ಕೆ ದೊಡ್ಡವರಿಗೆ 1 ಡಾಲರ್, ಮಕ್ಕಳಿಗೆ 50 ಸೆಂಟ್. ಒಳಗೆ ಆಟಕ್ಕೆ ಬೇರೆ. ಮುಂದೆ ಎ, ಬಿ, ಸಿ ಎಂದು ದರ್ಜೆ ಮಾಡಿದ ಚೀಟಿಗಳ ಪುಸ್ತಕ ಬಂತು. ದೊಡ್ಡ ಆಟದ ಚೀಟಿ ಮೊದಲು ಮುಗಿಯುತ್ತಿತ್ತು. ಸಣ್ಣ ಆಟದವು ಉಳಿದು ಮನೆಯ ಡ್ರಾಯರ್ ಸೇರುತ್ತಿದ್ದವು. ಊರೆಲ್ಲ ಬಿಟ್ಟಿಯಾಗಿ ಓಡಾಡಬಹುದಾಗಿದ್ದ ನಾಟ್ಸ್ ಕೂಡ 1968ರಲ್ಲಿ ಬೇಲಿ ಹಾಕಿ ಪ್ರವೇಶ ದರ ಇಟ್ಟಿತು. 1982ರಲ್ಲಿ ಡಿಸ್ನಿ ಚೀಟಿ ಪುಸ್ತಕವನ್ನೇ ಕೈಬಿಟ್ಟು, ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ದಿನವಿಡೀ ಏನು ಬೇಕಾದರೂ ಆಡಬಹುದೆಂಬ ಪದ್ಧತಿ ತಂದಿತು. ವ್ಯಾಪಾರದ ದೃಷ್ಟಿಯಿಂದ ಇದು ಜಾಣ ನಡೆ, ಮನೆಯ ಯಜಮಾನನಿಗೂ ಒಂದು ರೀತಿಯ ಬಿಡುಗಡೆ. ಪ್ರತಿ ಆಟದ ಮುಂದೆಯೂ ಮಗುವಿಗೆ ‘ಬೇಡ’ ಎನ್ನುವ ಕೆಲಸ ತಪ್ಪಿತು. ‘ಬೇಡ’ ಎನ್ನುವುದಿದ್ದರೆ ಮನೆಯಲ್ಲೇ ಹೇಳಿ ಮುಗಿಸಬೇಕು.

ಫ್ಲಾರಿಡಾದ ಜಿದ್ದು

ನೆರೆಹೊರೆಯ ಪೈಪೋಟಿ ನಿಜವಾದ ಜಿದ್ದಾಗಿ ತಿರುಗಿದ್ದು ಫ್ಲಾರಿಡಾದ ಆರ್ಲಾಂಡೊ ನಗರದಲ್ಲಿ. ಅನಹೈಮಿನಲ್ಲಿ ಡಿಸ್ನಿಯ ಜಮೀನು ಚಿಕ್ಕದು. ಸುತ್ತ ಬೇರೆಯವರು ಹೋಟೆಲು ಕಟ್ಟಿ ಹಣ ಮಾಡಿಕೊಂಡರು. ಆ ತಪ್ಪು ಮರುಕಳಿಸಬಾರದೆಂದು 1965ರ ಹೊತ್ತಿಗೆ ಸುಳ್ಳು ಹೆಸರಿನ ಕಂಪೆನಿಗಳ ಮೂಲಕ ಗುಟ್ಟಾಗಿ ಸುಮಾರು 110 ಚದರ ಕಿ.ಮೀ. ಜೌಗು ಭೂಮಿ ಕೊಳ್ಳಲಾಯಿತು. ಡಿಸ್ನಿ 1966ರಲ್ಲಿ ತೀರಿಕೊಂಡ. 1971ರ ಅಕ್ಟೋಬರ್ 1ರಂದು ಅಣ್ಣ ರಾಯ್ ‘ವಾಲ್ಟ್ ಡಿಸ್ನಿ ವರ್ಲ್ಡ್’ ತೆರೆದ. ತಮ್ಮನ ಕನಸು ಮುಗಿಸಿದವನು ಅದೇ ಡಿಸೆಂಬರಿನಲ್ಲಿ ಕಣ್ಮುಚ್ಚಿದ.

ಎದುರಾಳಿ ಯೂನಿವರ್ಸಲ್ ಸಿನಿಮಾ ಸಂಸ್ಥೆಗೆ ಈ ವ್ಯಾಪಾರ ಹೊಸದೇನಲ್ಲ. 1915ರಲ್ಲೇ ಅದರ ಸ್ಥಾಪಕ ಕಾರ್ಲ್ ಲೆಮ್ಲಿ 25 ಸೆಂಟಿಗೆ ಜನರನ್ನು ಒಳಬಿಟ್ಟು ಮೂಕಿ ಚಿತ್ರಗಳ ಚಿತ್ರೀಕರಣ ತೋರಿಸುತ್ತಿದ್ದ. ಟಾಕಿ ಬಂದ ಮೇಲೆ ಗದ್ದಲ ಮಾಡುವಂತಿಲ್ಲವಾಗಿ ಅದು ನಿಂತಿತ್ತು. 1964ರಲ್ಲಿ ಹಾಲಿವುಡ್ಡಿನಲ್ಲಿ ಟ್ರಾಮಿನಲ್ಲಿ ಕೂರಿಸಿ ಸ್ಟುಡಿಯೊ ಸುತ್ತಿಸುವ ಪದ್ಧತಿ ಮತ್ತೆ ಶುರುವಾಯಿತು. ಅದನ್ನೇ ಆರ್ಲಾಂಡೊಗೂ ತರುವ ಸುಳಿವು ಸಿಕ್ಕಿದ ಡಿಸ್ನಿ ಸಂಸ್ಥೆ 1989ರ ಮೇ ತಿಂಗಳಲ್ಲಿ ತನ್ನದೇ ಸ್ಟುಡಿಯೊ ಉದ್ಯಾನ ತೆರೆದು ಮುಂದಾಯಿತು. ಯೂನಿವರ್ಸಲ್ ತೆರೆದದ್ದು 1990ರ ಜೂನ್ 7ರಂದು. ಅಂದು ಡಿಸ್ನಿಲ್ಯಾಂಡಿನ ಮೊದಲ ದಿನದ ಫಜೀತಿ ಮತ್ತೊಮ್ಮೆ ನಡೆಯಿತು. ಭೂಕಂಪ, ಕಿಂಗ್ ಕಾಂಗ್, ‘ಜಾಸ್’ ಶಾರ್ಕ್ ಮೂರೂ ಕೈಕೊಟ್ಟವು. ಶಾರ್ಕನ್ನಂತೂ ಪೂರ್ತಿ ಬದಲಿಸಿ 1993ರಲ್ಲಿ ಮತ್ತೆ ನೀರಿಗೆ ಬಿಡಬೇಕಾಯಿತು.

ಯೂನಿವರ್ಸಲ್ ಗುರಿಯಿಟ್ಟದ್ದು ಡಿಸ್ನಿಯ ಮುದ್ದು ಪಾತ್ರಗಳಿಂದ ದೊಡ್ಡವರಾಗಿಬಿಟ್ಟ ಮಕ್ಕಳ ಮೇಲೆ. 1999ರಲ್ಲಿ ಎರಡನೆಯ ಉದ್ಯಾನ ಬಂತು. ಆದರೂ ಅದು ಬಹುಕಾಲ ಡಿಸ್ನಿಗೆ ಬಂದವರು ಮಿಕ್ಕಿದ ಒಂದು ದಿನ ಕಳೆಯುವ ಜಾಗವಾಗಿಯೇ ಇತ್ತು. ಚಿತ್ರ ಬದಲಾದದ್ದು 2010ರ ಜೂನಿನಲ್ಲಿ, ಹ್ಯಾರಿ ಪಾಟರ್ ಲೋಕ ತೆರೆದಾಗ. ಹಾಗೆ ನೋಡಿದರೆ ಅಲ್ಲಿ ಜನ ಮುಗಿಬಿದ್ದದ್ದು ಕೋಟೆಯೊಳಗಿನ ಯಂತ್ರಕ್ಕಷ್ಟೇ ಅಲ್ಲ. ಪುಸ್ತಕದಲ್ಲಿ ಓದಿದ್ದ ‘ಬಟರ್‌ಬಿಯರ್’ ಎಂಬ ಪಾನಕಕ್ಕೆ, ಮಂತ್ರದಂಡದ ಅಂಗಡಿಗೆ. ರಾತ್ರಿ ಹಾಸಿಗೆಯ ಬದಿ ಕೂತು ಓದಿ ಹೇಳಿದ ತಾಯಿ, ಕೇಳಿದ ಮಗ ಇಬ್ಬರಿಗೂ ಆ ಬೀದಿ ಗೊತ್ತು. ಬೆಂಚಿನ ಮೇಲೆ ಕೂರುವವರು ಇಲ್ಲಿ ಯಾರೂ ಇಲ್ಲ. 2014ರಲ್ಲಿ ಎರಡು ಉದ್ಯಾನಗಳ ನಡುವೆ ಹಾಗ್‌ವರ್ಟ್ಸ್ ರೈಲು ಬಿಟ್ಟರು; ಹತ್ತಬೇಕಾದರೆ ಎರಡೂ ಉದ್ಯಾನಗಳ ಟಿಕೆಟ್ ಇರಬೇಕು. ಟಿಲ್ಯೂ ಬದುಕಿದ್ದರೆ ಮೆಚ್ಚುತ್ತಿದ್ದ!

ಡಿಸ್ನಿ ಸುಮ್ಮನಿರಲಿಲ್ಲ. 2017ರಲ್ಲಿ ‘ಅವತಾರ್’ ಚಿತ್ರದ ಲೋಕ, 2019ರಲ್ಲಿ ‘ಸ್ಟಾರ್ ವಾರ್ಸ್’ ಲೋಕ ಕಟ್ಟಿತು. 2023ರಲ್ಲಿ ಉದ್ಯಾನ ಮತ್ತು ಪ್ರವಾಸಿ ಹಡಗುಗಳ ವಿಭಾಗಕ್ಕೆ ಹತ್ತು ವರ್ಷಗಳಲ್ಲಿ 6,000 ಕೋಟಿ ಡಾಲರ್ ಹಾಕುವುದಾಗಿ ಸಾರಿತು. 2025ರ ಮೇ 22ರಂದು ಯೂನಿವರ್ಸಲ್ ‘ಎಪಿಕ್ ಯೂನಿವರ್ಸ್’ ಎಂಬ ಹೊಸ ಉದ್ಯಾನ ತೆರೆಯಿತು. ದೀಪಗಳ ಲೆಕ್ಕದ ಜಾಗದಲ್ಲಿ ಈಗ ಕಥೆಗಳ ಲೆಕ್ಕ.

ಈ ಜಿದ್ದಿನಿಂದ ಆಟಗಳು ಸೊಗಸಾದವು ಎಂಬುದರಲ್ಲಿ ಎರಡು ಮಾತಿಲ್ಲ. ದರ ಇಳಿಯಲಿಲ್ಲ ಎಂಬುದೂ ಅಷ್ಟೇ ನಿಜ. 1971ರಲ್ಲಿ ಫ್ಲಾರಿಡಾದ ಡಿಸ್ನಿಯ ಬಾಗಿಲು ದಾಟಲು ಮೂರೂವರೆ ಡಾಲರ್ ಸಾಕಿತ್ತು. 2015ರಲ್ಲಿ ಒಂದು ದಿನದ ಟಿಕೆಟ್ 100 ಡಾಲರ್ ದಾಟಿತು. 1999ರಲ್ಲಿ ಸಾಲು ತಪ್ಪಿಸಲು ಡಿಸ್ನಿ ಉಚಿತ ಚೀಟಿ ಕೊಡುತ್ತಿತ್ತು. 2021ರಿಂದ ಅದಕ್ಕೂ ಹಣ. ಯೂನಿವರ್ಸಲ್ಲಿನಲ್ಲಿಯೂ ಹೆಚ್ಚು ಕೊಟ್ಟವರಿಗೆ ಬೇರೆ ಸಾಲು. ತಿರುಮಲದ ಸರ್ವದರ್ಶನದ ಸಾಲನ್ನೂ 300 ರೂಪಾಯಿಯ ಶೀಘ್ರ ದರ್ಶನದ ಸಾಲನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಪಕ್ಕದ ಸಾಲಿನಲ್ಲಿ ದಾಟಿಹೋಗುವ ಮಗುವನ್ನು ಈ ಸಾಲಿನ ಮಗು ನೋಡುತ್ತ ನಿಂತಿರುತ್ತದೆ.

ಕನ್ನಡದ ಹಲವು ಅಮೆರಿಕ ಪ್ರವಾಸ ಕಥನಗಳಲ್ಲಿ ಡಿಸ್ನಿಯ ಊರಿಗೊಂದು ಅಧ್ಯಾಯ ಮೀಸಲು. ಅಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ಜಾಗಗಳಲ್ಲಿ ನಯಾಗರಾ ಜಲಪಾತದ ಜೊತೆಗೆ ಇದೂ ಒಂದು. ಅಲ್ಲಿ ಮಗನೇ ಟಿಕೆಟ್ ಕೊಳ್ಳುತ್ತಾನೆ, ಅಪ್ಪ ದೋಣಿ ಹತ್ತುತ್ತಾನೆ. ಕರ್ನಾಟಕದಲ್ಲಿಯೇ 2005ರಿಂದ ಬಿಡದಿ ಬಳಿ ವಂಡರ್‌ಲಾ ಇದೆ, ಮೈಸೂರಿನಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಆದರೂ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ತೊಟ್ಟಿಲಿನ ಕೆಳಗೆ ಇಡೀ ಸಂಸಾರ ಡೆಲ್ಲಿ ಹಪ್ಪಳ ಮುರಿದು ಹಂಚಿಕೊಳ್ಳುವುದು ನಿಂತಿಲ್ಲ. ಕಾರ್ಡೀಲಿಯಾ ನಾಟ್‌ಗೆ ಅದು ಅರ್ಥವಾಗುತ್ತಿತ್ತು.

ಆಕೆ 1974ರಲ್ಲಿ, ವಾಲ್ಟರ್ ನಾಟ್ 1981ರಲ್ಲಿ ತೀರಿಕೊಂಡರು. ಮಕ್ಕಳು 1997ರಲ್ಲಿ ಉದ್ಯಾನವನ್ನು ಸೀಡರ್ ಫೇರ್ ಕಂಪೆನಿಗೆ ಮಾರಿದರು. 2024ರಲ್ಲಿ ಆ ಕಂಪೆನಿ ತನ್ನ ಹಳೆಯ ಎದುರಾಳಿ ‘ಸಿಕ್ಸ್ ಫ್ಲ್ಯಾಗ್ಸ್’ ಜೊತೆ ಒಂದಾಯಿತು. ಕೋಳಿ ಊಟದ ಮನೆ ಮಾತ್ರ ಹಾಗೆಯೇ ನಡೆಯುತ್ತಿದೆ. ಅದು ಇರುವುದು ಉದ್ಯಾನದ ಗೇಟಿನ ಹೊರಗೆ. ಅಲ್ಲಿ ಕುಳಿತು ಊಟ ಮಾಡಲು ಉದ್ಯಾನದ ಟಿಕೆಟ್ ಬೇಕಾಗಿಲ್ಲ.